ಕಲ್ಲಿನ ಬೆನ್ನಿಗೆ ಅರಿಶಿನ

ಅಂಟಿಸಿದ್ದು ನಿಲ್ಲುತ್ತದೋ ಬೀಳುತ್ತದೋ ಎಂದು ಹೇಳುವುದು ನನ್ನ ಹೊಟ್ಟೆಪಾಡು. ಹಾಗೆಂದು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ‘ಅದಕ್ಕೂ ಒಬ್ರು ಬೇಕಾ?’ ಎನ್ನುತ್ತಾರೆ. ಚಿಕ್ಕಬಳ್ಳಾಪುರದ ಹೊರಗೆ, ಒಂದು ದೊಡ್ಡ ಶೆಡ್ಡಿನಲ್ಲಿ ನಮ್ಮ ಪರೀಕ್ಷಾಲಯ ಇದೆ. ಸಿಮೆಂಟು, ಜಲ್ಲಿ, ಕಬ್ಬಿಣ ಪರೀಕ್ಷಿಸಲು ಬೇರೆಯವರಿದ್ದಾರೆ. ಗೋಡೆಗೆ ಅಂಟಿಸಿದ ಗ್ರಾನೈಟು, ಕಟ್ಟಡದ ಮುಖಕ್ಕೆ ಅಂಟಿಸಿದ ಗಾಜು, ಬಿರುಕು ಬಿಟ್ಟ ತೊಲೆಗೆ ಅಂಟಿಸಿದ ಪಟ್ಟಿ, ಇವು ನನ್ನ ಪಾಲಿಗೆ ಬಂದಿವೆ. ಮೊಳೆ ಹೊಡೆದರೆ ಮೊಳೆ ಕಾಣುತ್ತದೆ, ಬೋಲ್ಟು ಹಾಕಿದರೆ ಬೋಲ್ಟು ಕಾಣುತ್ತದೆ. ಅಂಟು ಮಾತ್ರ ಎರಡು ವಸ್ತುಗಳ ನಡುವೆ ಅಡಗಿ ಕೂತಿರುತ್ತದೆ. ಕಾಣದೆ ಅಡಗಿ ಕೂತದ್ದನ್ನು ಕಣ್ಣು ಮುಚ್ಚಿ ನಂಬುವುದರಲ್ಲಿ ನಮ್ಮ ಜನರನ್ನು ಮೀರಿಸಿದವರಿಲ್ಲ.

ಪರೀಕ್ಷೆಗೆಂದು ಬರುವವರನ್ನು ನೋಡಬೇಕು. ಕಟ್ಟಡದಲ್ಲಿ ಮೆತ್ತಿದ್ದು ಒಂದು, ನನ್ನ ಮೇಜಿಗೆ ತರುವ ತುಂಡು ಇನ್ನೊಂದು. ಆ ತುಂಡನ್ನು ತೊಳೆದು, ಉಜ್ಜಿ, ಒಣಗಿಸಿ, ಅಳತೆಗೆ ಸರಿಯಾಗಿ ಅಂಟು ಸವರಿ, ಮಗುವನ್ನು ಮಲಗಿಸಿದ ಹಾಗೆ ಅಲ್ಲಾಡದಂತೆ ಇಟ್ಟು ತಂದಿರುತ್ತಾರೆ. ಸಂಬಂಧ ನೋಡುವಾಗ ಸ್ಟುಡಿಯೋದಲ್ಲಿ ತೆಗೆಸಿ ಕಳಿಸುತ್ತಿದ್ದರಲ್ಲ ಫೋಟೋ, ಅದರ ಜಾತಿಗೆ ಸೇರಿದ್ದು ಈ ತುಂಡು. ಅದನ್ನು ಯಂತ್ರಕ್ಕೆ ಕಚ್ಚಿಸಿ ಎಳೆದರೆ ಪಾಸಾಗದೆ ಏನು ಮಾಡೀತು? ‘ಗೋಡೆ ತೋರಿಸಿ’ ಎಂದರೆ ಮುಖ ಹುಳ್ಳಗೆ ಮಾಡುತ್ತಾರೆ. ಚಿಂತಾಮಣಿಯ ಒಬ್ಬ ಅಂಗಡಿಯವರು ಮುಂಭಾಗದ ಗಾಜು ಮೂಲೆಯಲ್ಲಿ ಬಿಟ್ಟುಕೊಂಡಿದೆ ಎಂದು ನನ್ನನ್ನು ಕರೆಸಿದ್ದರು. ನಾನು ಹೋಗುವಷ್ಟರಲ್ಲಿ ಆ ಮೂಲೆಯ ಮೇಲೆ ಹಬ್ಬದ ರಿಯಾಯಿತಿಯ ಪೋಸ್ಟರು ಅಂಟಿಸಿ, ‘ಈಗ ಕಾಣ್ಸಲ್ಲ ಅಲ್ವಾ ಮೇಡಂ?’ ಎಂದು ಸಮಾಧಾನದಿಂದ ಕೇಳಿದರು. ಅಷ್ಟೇ ಅವರಿಗೆ ಬೇಕಾಗಿದ್ದ ಭದ್ರತೆ.

ನಾನು ಹುಟ್ಟಿದ್ದು ಸಾದಲಿಯ ಹತ್ತಿರದ ಒಂದು ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವ ಮನೆಯಲ್ಲಿ. ಅಂಟಿನ ಮೊದಲ ಪಾಠ ನನಗೆ ಗೂಡಿನಿಂದಲೇ ಆಯಿತು. ಹುಳು ತನ್ನ ಎಳೆಯನ್ನು ತನ್ನದೇ ಅಂಟಿನಿಂದ ಮೆತ್ತಿ ಗೂಡು ಕಟ್ಟುತ್ತದೆ. ಮುಷ್ಟಿಯಲ್ಲಿ ಹಿಸುಕಿದರೂ ಜಗ್ಗದಷ್ಟು ಗಟ್ಟಿ. ಅದೇ ಗೂಡನ್ನು ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಶೆಡ್ಡಿನ ಬಿಸಿನೀರಿಗೆ ಹಾಕಿದರೆ ಅಂಟು ಮೆತ್ತಗಾಗಿ ಎಳೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಪ್ಪನ ಜೊತೆ ಗೂಡಿನ ಮಾರುಕಟ್ಟೆಗೆ ಹೋದಾಗಲೆಲ್ಲ ಅಕ್ಕನೂ ನಾನೂ ಅಲ್ಲಿ ನಿಂತು ಇದನ್ನು ನೋಡುತ್ತಿದ್ದೆವು. ಎಷ್ಟೇ ಬಿಗಿಯಾದ ಅಂಟಿಗೂ ಎಲ್ಲೋ ಒಂದು ಕಡೆ ಬಿಸಿನೀರು ಕಾಯುತ್ತಿರುತ್ತದೆ ಎಂಬ ಬುದ್ಧಿ ನನಗೆ ಅಲ್ಲಿಂದ ಬಂತು. ಓದಿದ್ದು, ಯಂತ್ರ ತಿರುಗಿಸಿದ್ದು ಎಲ್ಲ ಆಮೇಲಿನ ಮಾತು. ಅಕ್ಕ ಓದಲಿಲ್ಲ. ಗೌರಿಬಿದನೂರಿಗೆ ಮದುವೆಯಾಗಿ ಹೋದಳು.

ಅಕ್ಕನ ಗಂಡ, ಅಂದರೆ ನಮ್ಮ ಭಾವ, ಜಮೀನುದಾರರ ಮನೆಯವರು. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇದೆ. ಅಷ್ಟಕ್ಕೆ ತೃಪ್ತಿಯಾಗದೆ ಮಂಚೇನಹಳ್ಳಿ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ಕಟ್ಟಿಸಿದರು. ಮಂಟಪದ ಮೊದಲ ಮದುವೆ ಮಗಳದ್ದೇ ಆಗಬೇಕೆಂದು ಅವರ ಹಟ. ಒಳಗಿನ ಊಟದ ಮನೆಗೆ ಸರಿಯಾಗಿ ಗಾಳಿಯಿಲ್ಲ, ಕೈ ತೊಳೆಯುವ ಕಡೆ ನೀರು ನಿಲ್ಲುತ್ತದೆ, ಅದನ್ನೆಲ್ಲ ಕೇಳುವವರಿಲ್ಲ. ಮುಂದಿನ ಪೋರ್ಟಿಕೋ ಮಾತ್ರ ಅರಮನೆ. ಕಂಬಗಳಿಗೆ, ಬಾಗಿಲಿನ ಮೇಲಿನ ಎತ್ತರದ ಗೋಡೆಗೆ, ಆಳೆತ್ತರದ ಮೇಲೆ ಮತ್ತೊಂದು ಆಳೆತ್ತರದವರೆಗೆ ಕಪ್ಪು ಗ್ರಾನೈಟಿನ ಚಪ್ಪಡಿಗಳು. ಮುಖ ನೋಡಿಕೊಂಡು ಮೀಸೆ ತಿದ್ದಬಹುದು, ಅಂಥ ಹೊಳಪು. ಮೇಲೆ ಥಳಕು ಒಳಗೆ ಹುಳುಕು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಅಲ್ಲಿ ಕಾಲಿಟ್ಟ ಕೂಡಲೇ ನೆನಪಾಯಿತು.

ಮದುವೆಗೆ ನಾಲ್ಕು ದಿನವಿರುವಾಗ ನಾನು ರಜೆ ಹಾಕಿ ಹೋಗಿದ್ದೆ. ಭಾವ ಪೋರ್ಟಿಕೋದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

‘ಇಂಜಿನಿಯರಮ್ಮ ಬಂದ್ಲು ನೋಡ್ರಪ್ಪ. ಹೆಂಗಮ್ಮ ಇದೆ ನಮ್ ಪೋರ್ಟಿಕೋ?’

‘ಜೋರಾಗಿದೆ ಭಾವ. ಕಲ್ಲು ಯಾತರಲ್ಲಿ ಕೂರಿಸಿದೀರ?’

‘ಗಮ್ಮು. ಫಾರಿನ್ ಗಮ್ಮು. ವಿಮಾನದ ರೆಕ್ಕೆನೇ ಅದ್ರಲ್ಲಿ ಅಂಟಿಸ್ತಾರಂತೆ.’

‘ಹಿಂದೆ ಸ್ಟೀಲ್ ಕೊಕ್ಕೆ ಏನಾದ್ರೂ ಕೊಟ್ಟಿದೀರ? ಅಷ್ಟು ಎತ್ತರಕ್ಕೆ ಬರೀ ಗಮ್ಮು ಸಾಲ್ದು.’

‘ಕೊಕ್ಕೆ ಹಾಕಿದ್ರೆ ಗಮ್ಮಿಗೇ ಅವಮಾನ ಕಣಮ್ಮ,’ ಎಂದು ತಾವೇ ನಕ್ಕರು. ಸುತ್ತ ನಿಂತಿದ್ದವರೂ ನಕ್ಕರು. ಅವರ ಅಂಗಡಿಯ ಮುಂದೆ ನಿಲ್ಲುವ ಜನಕ್ಕೆ ಅವರು ಕೆಮ್ಮಿದರೂ ನಗು ಬರುತ್ತದೆ.

ನಾನು ಪರ್ಸಿನಿಂದ ಒಂದು ನಾಣ್ಯ ತೆಗೆದು ಕಂಬದ ಕಲ್ಲಿಗೆ ಬಡಿದು ನೋಡಿದೆ. ಮೂಲೆಗಳಲ್ಲಿ ಗಟ್ಟಿ ಸದ್ದು, ನಡುನಡುವೆ ಟೊಳ್ಳು. ಕೆಲಸ ಮಾಡಿದ್ದ ಮೇಸ್ತ್ರಿಯನ್ನು ಕರೆಸಿ ಕೇಳಿದೆ. ನಾಲ್ಕು ಮೂಲೆಗೆ ನಾಲ್ಕು ಮುದ್ದೆ, ಮಧ್ಯೆ ಒಂದು ಮುದ್ದೆ ಅಂಟು ಇಟ್ಟು ಒತ್ತಿದ್ದಾಗಿ ಹೇಳಿದ. ಕಲ್ಲಿನ ಬೆನ್ನಿಗೆಲ್ಲ ಸವರಬೇಕಲ್ಲವೇ ಎಂದರೆ, ‘ಎಲ್ರೂ ಹಿಂಗೇ ಹಾಕೋದು ಮೇಡಂ’ ಎಂದ. ಈ ‘ಎಲ್ರೂ’ ಎಂಬ ಮಹಾನುಭಾವನನ್ನು ನಾನು ಇಪ್ಪತ್ತು ವರ್ಷದಿಂದ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ. ಆಮೇಲೆ ಜೇಡರಬಲೆ ತೆಗೆಯುವ ಉದ್ದ ಕೋಲು ತರಿಸಿ ಬಾಗಿಲಿನ ಮೇಲಿನ ಸಾಲನ್ನು ತಟ್ಟಿದೆ. ಅಲ್ಲಿ ನಡುವೆ ಮಾತ್ರವಲ್ಲ, ಒಂದೆರಡು ಕಲ್ಲು ಮೂಲೆಯಲ್ಲೂ ಟೊಳ್ಳಾಗಿಯೇ ಕೇಳಿಸಿದವು. ಅಂದರೆ ಮುದ್ದೆ ಇರುವಲ್ಲೂ ಅಂಟು ಹಿಡಿದಿಲ್ಲ. ಅದೇ ಬಾಗಿಲಲ್ಲಿ ಹುಡುಗ ಹುಡುಗಿಯನ್ನು ನಿಲ್ಲಿಸಿ, ಮುತ್ತೈದೆಯರೆಲ್ಲ ಸುತ್ತ ಸೇರಿ, ಆರತಿ ಎತ್ತಿ ದೃಷ್ಟಿ ತೆಗೆಯುವುದು. ಒಂದೊಂದು ಕಲ್ಲೂ ಅರ್ಧ ಮೂಟೆ ರಾಗಿಯಷ್ಟು ತೂಗುತ್ತದೆ. ಅದು ಅಷ್ಟು ಎತ್ತರದಿಂದ ಅಕ್ಕನ ಮಗಳ ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಪರೀಕ್ಷಾಲಯ ಬೇಕಾಗಿಲ್ಲ.

ನಮ್ಮ ಭಾವ ತೆಂಗಿನಕಾಯಿ ಕೊಳ್ಳುವಾಗ ಒಂದೊಂದನ್ನೂ ಬಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗಡಿಯವನಿಗೆ ಸಾಕುಸಾಕು ಮಾಡುವವರು. ನಾನು ಕಲ್ಲು ಬಡಿದದ್ದನ್ನು ಮಾತ್ರ ಅಪಶಕುನ ಎಂಬಂತೆ ನೋಡಿದರು.

‘ಭಾವ, ಮೇಲಿನ ಸಾಲು ಸರಿಯಾಗಿ ಹಿಡಿದಿಲ್ಲ. ನಾಳೆ ಮಿಷಿನ್ ತರ್ತೀನಿ. ಕಲ್ಲಿಗೆ ಒಂದು ಕಬ್ಬಿಣದ ಬಿಲ್ಲೆ ಅಂಟಿಸಿ, ಸುತ್ತ ಕೊಯ್ದು, ಎಳೆದು ನೋಡೋದು. ಎಷ್ಟು ಎಳೆದ್ರೆ ಬಿಡುತ್ತೆ ಅಂತ ಗೊತ್ತಾಗುತ್ತೆ.’

‘ಎಳೆದ್ರೆ ಕಲ್ಲು ಹಾಳಾಗಲ್ವಾ?’

‘ಒಂದೆರಡು ಹಾಳಾಗುತ್ತೆ.’

‘ಚೆನ್ನಾಗಿರೋದನ್ನ ಕಿತ್ತು, ಕೀಳೋಕ್ ಮುಂಚೆ ಚೆನ್ನಾಗಿತ್ತು ಅಂತ ಹೇಳೋದು ಯಾವ ಸೀಮೆ ಪರೀಕ್ಷೆ ತಾಯಿ?’

ಆ ಮನುಷ್ಯನ ಬಾಯಿಂದ ಬಂದ ಮಾತುಗಳಲ್ಲಿ ಇದೊಂದಕ್ಕೆ ಮಾತ್ರ ಅರ್ಥವಿತ್ತು. ನಮ್ಮ ವಿದ್ಯೆಯ ಕಷ್ಟವೇ ಅದು. ಅಂಟು ಎಷ್ಟು ಗಟ್ಟಿ ಎನ್ನುವುದು ಅದನ್ನು ಬಿಡಿಸಿದ ಮೇಲೆಯೇ ಗೊತ್ತಾಗುವುದು. ಆದ್ದರಿಂದಲೇ ಒಂದೆರಡನ್ನು ಬಲಿ ಕೊಟ್ಟು ಉಳಿದವನ್ನು ನಂಬುತ್ತೇವೆ. ಇದನ್ನು ಬಿಡಿಸಿ ಹೇಳಹೊರಟರೆ ಭಾವ ಆಗಲೇ ಫೋನಿನಲ್ಲಿ ಹೂವಿನವನ ಜೊತೆ ಮಾತಾಡುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಹೆಂಡತಿಯ ತಂಗಿಯಾದರಂತೂ ಅದು ಗಿಡವೂ ಅಲ್ಲ, ಕಳೆ.

ಆದರೂ ನಾನು ಬಿಡುವವಳಲ್ಲ ಎಂದು ಅವರಿಗೆ ಗೊತ್ತು. ಮಾರನೆಯ ದಿನ ಬೆಳಿಗ್ಗೆ ಹಿಂದೂಪುರದಿಂದ ಅಂಟಿನ ಡೀಲರನ್ನೇ ಕರೆಸಿಬಿಟ್ಟರು. ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು. ನನ್ನನ್ನು ಕಂಡ ಕೂಡಲೇ, ‘ಏಂ ಕಾದು ಮೇಡಂ, ಏನೂ ಆಗಲ್ಲ’ ಎಂದು ಎರಡು ಭಾಷೆಯಲ್ಲಿ ಅಭಯ ಕೊಟ್ಟ. ಆಮೇಲೆ ಒಂದು ಪ್ರದರ್ಶನ ಶುರುವಾಯಿತು. ಅದಕ್ಕೆ ಅವನು ಇಟ್ಟ ಹೆಸರು ‘ಲೈವ್ ಟೆಸ್ಟ್’.

ಕಾಂಪೌಂಡಿನ ಗೋಡೆಯಲ್ಲಿ ಒಂದು ಜಾಗ ಆರಿಸಿ, ಅದನ್ನು ತಂತಿಯ ಬ್ರಷ್ಷಿನಿಂದ ಉಜ್ಜಿದ. ಧೂಳು ಊದಿದ. ಒಂದು ದಪ್ಪ ಕಲ್ಲಿನ ತುಂಡನ್ನು ಬಿಳಿ ಬಟ್ಟೆಗೆ ಯಾವುದೋ ದ್ರಾವಣ ಹಾಕಿ ಮತ್ತೆ ಮತ್ತೆ ಒರೆಸಿದ. ಬಟ್ಟೆಯಲ್ಲಿ ಕೊಳೆ ಬರುವುದು ನಿಂತ ಮೇಲೆ ಎರಡೂ ಕಡೆಗೆ ಒಂದಿಂಚೂ ಬಿಡದೆ ಅಂಟು ಸವರಿ, ಕಲ್ಲನ್ನು ಹಲಗೆಯ ಹಾಗೆ ಗೋಡೆಯಿಂದ ಹೊರಚಾಚಿ ಅಂಟಿಸಿ, ಕೆಳಗೆ ಮರದ ಆಸರೆ ಕೊಟ್ಟ. ಮಧ್ಯಾಹ್ನ ಆಸರೆ ತೆಗೆದು, ‘ಬನ್ನಿ ಸಾರ್, ಕೂತ್ಕೊಳಿ’ ಎಂದ. ಭಾವ ಪಂಚೆ ಎತ್ತಿ ಕಟ್ಟಿ, ಇಬ್ಬರ ಹೆಗಲು ಹಿಡಿದು, ಆ ಕಲ್ಲಿನ ಮೇಲೆ ಕೂತರು. ಅವರ ತೂಕ ಸಾಮಾನ್ಯವಾದದ್ದಲ್ಲ. ಕಲ್ಲು ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಡೀಲರು ವಿಡಿಯೋ ಮಾಡಿಕೊಂಡ. ಭಾವ ಅಷ್ಟೆತ್ತರದಲ್ಲಿ ಕೂತೇ ಕಾಲು ಆಡಿಸುತ್ತಾ ನನ್ನನ್ನು ಕೇಳಿದರು:

‘ಏನಮ್ಮ, ಪಾಸಾ?’

‘ಈ ಕಲ್ಲು ಪಾಸು ಭಾವ. ಇದನ್ನ ಉಜ್ಜಿದಂಗೆ ಆ ಮೇಲಿನ ಕಲ್ಲುಗಳನ್ನ ಯಾರು ಉಜ್ಜಿದ್ರು? ಇದಕ್ಕೆ ಸವರಿದಂಗೆ ಅದಕ್ಕೆ ಯಾರು ಸವರಿದ್ರು? ಅವಕ್ಕೆ ಐದು ಮುದ್ದೆ, ಇದಕ್ಕೆ ಪೂರ್ತಿ ಅಭ್ಯಂಜನ. ಅವು ಪಡುವಣ ಬಿಸಿಲಲ್ಲಿ ದಿನಾ ಕಾದು, ರಾತ್ರಿ ತಣ್ಣಗಾಗಿ, ಹಿಗ್ಗಿ ಕುಗ್ಗಿ ಸಾಯ್ತಿವೆ. ಇದು ಬೆಳಿಗ್ಗೆ ಹುಟ್ಟಿದ ಕೂಸು.’

ಡೀಲರು ತಲೆ ತಗ್ಗಿಸಿ ಫೋನು ನೋಡಿದ. ತಾನು ತೋರಿಸಿದ ಕ್ರಮವನ್ನು ಮಂಟಪದಲ್ಲಿ ಯಾರೂ ಪಾಲಿಸಿಲ್ಲ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಭಾವನಿಗೆ ಪುರಾವೆ ಸಿಕ್ಕಿಬಿಟ್ಟಿತ್ತು. ಕಂಡವರಿಗೆಲ್ಲ ಆ ವಿಡಿಯೋ ಕಳಿಸಿದರು. ನನಗೂ ಕಳಿಸಿದರು, ಪಕ್ಕದಲ್ಲೇ ನಿಂತುಕೊಂಡು.

ಸಿಟ್ಟಿನಲ್ಲಿ ಮಂಟಪದ ಅಡುಗೆಮನೆಗೆ ಹೋದೆ. ಅಕ್ಕ ಮಾರನೆಯ ದಿನದ ಇಡ್ಲಿಗೆ ಹಿಟ್ಟು ರುಬ್ಬಿ ಪಾತ್ರೆಗೆ ತೋಡುತ್ತಿದ್ದಳು. ಅವಳ ಮಗಳು, ಮದುವೆಯ ಹುಡುಗಿ, ಮೂಲೆಯಲ್ಲಿ ಕೂತು ಮೆಹಂದಿಯ ಚಿತ್ರಗಳನ್ನು ನೋಡುತ್ತಿದ್ದಳು. ‘ಚಿಕ್ಕಮ್ಮ, ಅಪ್ಪನ ಹತ್ರ ವಾದ ಮಾಡಿ ಗೆದ್ದವ್ರು ಯಾರೂ ಇಲ್ಲ, ಬಿಡಿ’ ಎಂದಳು. ನಾನು ಗೆಲ್ಲಲು ಬಂದಿರಲಿಲ್ಲ. ಅವಳ ಬೈತಲೆಯ ಮೇಲೆ ಕಲ್ಲು ಬೀಳಬಾರದು ಎಂದಷ್ಟೇ ನನಗೆ ಬೇಕಾಗಿತ್ತು.

ಅಕ್ಕ ಮಗಳನ್ನು ಹೂವು ನೋಡಲು ಹೊರಗೆ ಕಳಿಸಿ ನನ್ನ ಮೇಲೆ ರೇಗಿದಳು.

‘ಶುಭಕಾರ್ಯ ಇರೋ ಮನೇಲಿ ಬೀಳುತ್ತೆ ಬೀಳುತ್ತೆ ಅಂತೀಯಲ್ಲೇ. ನೀನು ಯಾವಾಗ್ಲೂ ಕೆಟ್ಟದ್ದೇ ನೋಡೋದು. ಏನೂ ಆಗಲ್ಲ ಕಣೇ. ಆ ಕಲ್ಲಿಗೆಲ್ಲ ನಾನೇ ನನ್ನ ಕೈಯಾರೆ ಪೂಜೆ ಮಾಡಿದೀನಿ.’

‘ಪೂಜೆ ಅಂದ್ರೆ?’

‘ಅತ್ತೆ ಇದ್ದಾಗ ಹೇಳೋರು, ತಲೆ ಮೇಲೆ ಏರೋ ಕಲ್ಲಿಗೆ ಎಣ್ಣೆ ಅರಿಶಿನ ಕಾಣಿಸ್ದೆ ಏರಿಸಬಾರದು ಅಂತ. ಬಾಗಿಲ ಮೇಲಿನ ಕಲ್ಲು ಒಂದನ್ನೂ ಬಿಡ್ಲಿಲ್ಲ ನಾನು. ಹರಳೆಣ್ಣೇಲಿ ಅರಿಶಿನ ಕಲಸಿ, ಮೂರು ಬೆರಳಲ್ಲಿ ಪಟ್ಟೆ ಎಳೆದು, ಮೂಲೆ ಮೂಲೆಗೂ ಬೊಟ್ಟಿಟ್ಟು ಕೈ ಮುಗ್ದಿದೀನಿ. ನನ್ ಮಗಳು ಅದ್ರ ಕೆಳಗೆ ನಿಲ್ಲೋಳು ಅಂತ.’

ಹೊಳಪಿನ ಮುಖದಲ್ಲಿ ಎಲ್ಲೂ ಒಂದು ಹನಿ ಅರಿಶಿನ ನಾನು ಕಂಡಿರಲಿಲ್ಲ.

‘ಅಕ್ಕ, ಯಾವ ಕಡೆ ಹಚ್ದೆ?’

‘ಹಿಂದುಗಡೆ. ನಿಮ್ ಭಾವನೇ ಹೇಳಿದ್ರು, ಪಾಲಿಶ್ ಮೇಲೆ ಹಚ್ಬೇಡ, ಕಲೆ ಆಗುತ್ತೆ, ಹಿಂದುಗಡೆ ಹಚ್ಚು, ಯಾರಿಗೂ ಕಾಣ್ಸಲ್ಲ ಅಂತ. ಕಲ್ಲುಗಳನ್ನೂ ಹಂಗೇ ಮುಖ ಗೋಡೆಗೆ ತಿರುಗ್ಸಿ ಒರಗಿಸಿದ್ರು.’

ಇಷ್ಟು ವರ್ಷದ ಕೆಲಸದಲ್ಲಿ ಅಂಟು ಯಾಕೆ ಬಿಡುತ್ತದೆ ಎಂಬುದಕ್ಕೆ ನಾನು ಧೂಳು ನೋಡಿದ್ದೇನೆ, ತೇವ ನೋಡಿದ್ದೇನೆ, ಹಳೆಯ ಡಬ್ಬಿ ನೋಡಿದ್ದೇನೆ, ಸೋಮಾರಿತನವನ್ನಂತೂ ದಿನಾ ನೋಡುತ್ತೇನೆ. ಇಂಥದ್ದನ್ನು ನೋಡಿರಲಿಲ್ಲ. ಅಂಟು ಹಿಡಿಯಬೇಕಾದ ಮೈಗೆ, ಅಂಟು ಇಡುವ ಮುನ್ನ, ಭಕ್ತಿಯಿಂದ ಹರಳೆಣ್ಣೆ ಹಚ್ಚಿದ್ದಾರೆ. ಮೂಲೆಗೊಂದು ಬೊಟ್ಟು, ನಡುವೆ ಪಟ್ಟೆ. ಮೇಸ್ತ್ರಿಯ ಐದು ಮುದ್ದೆಗಳು ಎಲ್ಲಿ ಕೂರಬೇಕೋ ಸರಿಯಾಗಿ ಅಲ್ಲಲ್ಲೇ. ಕೊಯ್ದ ಕಲ್ಲಿನ ಒರಟು ಬೆನ್ನು ಎಣ್ಣೆಯನ್ನು ಕುಡಿದು ಕೂತಿರುತ್ತದೆ. ಆ ಮೇಸ್ತ್ರಿ ಅರಿಶಿನ ಕಂಡೂ ಒರೆಸಲಿಲ್ಲ. ದೇವರ ವಿಷಯ, ನಮಗ್ಯಾಕೆ ಎಂದು ಅದರ ಮೇಲೆಯೇ ಮೆತ್ತಿದ. ಅಕ್ಕನ ಮೇಲೆ ನನಗೆ ಕೋಪ ಬರಲಿಲ್ಲ. ಕಲ್ಲಿನಿಂದ ಬೇಕಾದರೆ ಕೊಲೆಯಾಗಲಿ, ಕಲ್ಲಿಗೆ ಕಲೆಯಾಗಬಾರದು ಎಂದುಕೊಂಡ ಆ ಮಹಾಶಯರ ಮೇಲೆ ಬಂತು.

ಅಕ್ಕನಿಗೆ ರಸಾಯನಶಾಸ್ತ್ರ ಹೇಳುವ ಅಗತ್ಯವಿರಲಿಲ್ಲ. ಗೂಡೆಯಲ್ಲಿ ತೊಳೆದಿಟ್ಟಿದ್ದ ಇಡ್ಲಿ ತಟ್ಟೆ ತೆಗೆದು ಅವಳ ಮುಂದೆ ಹಿಡಿದೆ.

‘ಹಿಟ್ಟು ಹೊಯ್ಯೋಕ್ ಮುಂಚೆ ಇದಕ್ಕೆ ಎಣ್ಣೆ ಯಾಕೆ ಸವರ್ತೀಯ?’

‘ಅಂಟ್ಕೋಬಾರ್ದು ಅಂತ...’ ಎಂದವಳು ಅಲ್ಲಿಗೇ ನಿಂತಳು.

ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನ ಮುಖ ನೋಡಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. ನಾನು ಅವಳ ಭುಜ ಹಿಡಿದು ಕೂರಿಸಿದೆ. ಅವಳು ಅಳಲಿಲ್ಲ. ಕೈ ತೊಳೆದು, ಸೆರಗು ಸಿಕ್ಕಿಸಿ, ‘ಮೇಸ್ತ್ರಿನ ಕರೆಸು’ ಎಂದಳು.

ಮೇಸ್ತ್ರಿ ಏಣಿ ಇಟ್ಟು ಹತ್ತಿ, ನಾನು ಕೋಲಿನಿಂದ ತೋರಿಸಿದ ಕಲ್ಲಿನ ಸಂದಿಗೆ ಚಪ್ಪಟೆ ಹಾರೆ ತೂರಿಸಿದ. ಇನ್ನೊಬ್ಬ ಪಕ್ಕದ ಏಣಿಯಲ್ಲಿ ಹಿಡಿದುಕೊಳ್ಳಲು ನಿಂತ. ಶಕ್ತಿ ಹಾಕುವ ಕೆಲಸವೇ ಬರಲಿಲ್ಲ. ‘ಟಪ್’ ಎಂದಿತು, ಕಲ್ಲು ಅವರ ಕೈಗೆ ಬಂತು. ಇಳಿಸಿ ತಿರುಗಿಸಿದರೆ ಬೆನ್ನಿನ ಮೇಲೆ ಅಕ್ಕನ ಮೂರು ಬೆರಳಿನ ಹಳದಿ ಪಟ್ಟೆ, ಮೂಲೆಗಳಲ್ಲಿ ಬೊಟ್ಟು, ಬಿಡಿಸಿದ ಚಿತ್ರದಷ್ಟು ಸ್ಪಷ್ಟ. ಅಂಟಿನ ಐದೂ ಮುದ್ದೆಗಳು ಗೋಡೆಯ ಮೇಲೆಯೇ ಉಳಿದಿದ್ದವು, ಅವುಗಳ ಮುಖ ನುಣ್ಣಗೆ, ಹಳದಿಯಾಗಿ. ಎಣ್ಣೆ ಸವರಿದ ತಟ್ಟೆಯಿಂದ ಎದ್ದ ಇಡ್ಲಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಭಾವ ಬಂದು ನೋಡಿದರು. ಯಾವ ಮನುಷ್ಯನಿಗಾದರೂ ಬಾಯಿ ಕಟ್ಟಬೇಕು. ಅವರಿಗೆ ಕಟ್ಟಲಿಲ್ಲ.

‘ಒಂದು ಕಲ್ಲು ಹಂಗಾಗಿರುತ್ತೆ. ಅದಕ್ಕೇ ಎಲ್ಲಾನೂ ಕೀಳೋಕಾಗುತ್ತಾ? ಗಂಡಿನ ಕಡೆಯೋರು ಏನಂದ್ಕೊಂತಾರೆ? ಇಷ್ಟ್ ದಿನ ಬಿದ್ದಿಲ್ಲ ಅಂದ್ರೆ ಇನ್ ಮೂರ್ ದಿನ ಬೀಳುತ್ತಾ? ಮದುವೆ ಮುಗೀಲಿ, ನೋಡಣ.’

‘ಹತ್ತಿರದ ಕಲ್ಲು ತಟ್ಟಿ ನೋಡಿ ಭಾವ, ಅದೂ ಟೊಳ್ಳೇ.’

‘ಹೂವಿನ ಅಲಂಕಾರ ಬರುತ್ತಲ್ಲ, ಅದ್ರ ಹಿಂದೆ ಒಂದು ಬಲೆ ಕಟ್ಟಿಸ್ತೀನಿ. ಸಾಕಾ?’

ಚೆಂಡು ಹೂವಿನ ಸರಕ್ಕೆ ಕಟ್ಟುವ ನೈಲಾನು ಬಲೆ ಗ್ರಾನೈಟು ಹಿಡಿಯುತ್ತದಂತೆ! ಚಿಂತಾಮಣಿಯ ಅಂಗಡಿಯವರ ರಿಯಾಯಿತಿ ಪೋಸ್ಟರಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡೆ. ಆತ ಕಡೇಪಕ್ಷ ತನ್ನ ಅಂಗಡಿಗೆ ಬರುವ ಗಿರಾಕಿಗಳ ತಲೆಯನ್ನು ಪಣಕ್ಕಿಟ್ಟಿದ್ದ. ಇವರು ಹೆತ್ತ ಮಗಳ ತಲೆಯನ್ನು. ಯಂತ್ರ ತರುತ್ತೇನೆ, ಬರೆದುಕೊಡುತ್ತೇನೆ, ಬೇಕಾದರೆ ಗಂಡಿನ ಕಡೆಯವರಿಗೆ ನಾನೇ ಹೇಳುತ್ತೇನೆ ಎಂದು ಕೂಗಾಡಿದೆ. ಭಾವ ಒಂದಕ್ಕೂ ಜಗ್ಗಲಿಲ್ಲ. ಕಿತ್ತ ಕಲ್ಲನ್ನು ಒರೆಸಿ ವಾಪಸ್ ಅಂಟಿಸುವಂತೆ ಮೇಸ್ತ್ರಿಗೆ ಹೇಳಿ, ಅಂಗಳಕ್ಕೆ ಇಳಿದರು.

ಆಗ ಅಕ್ಕ ಒಳಗಿನಿಂದ ಒಂದು ಚಾಪೆ ತಂದಳು. ಜೊತೆಗೆ ಅಕ್ಷತೆಗೆಂದು ಇಟ್ಟಿದ್ದ ಅಕ್ಕಿಯ ಮೊರ. ಬಾಗಿಲಿಗೆ ಸರಿಯಾಗಿ, ಆ ಕಲ್ಲುಗಳ ನೇರ ಕೆಳಗೆ ಚಾಪೆ ಹಾಸಿ ಕೂತಳು. ಅಕ್ಕಿಯಲ್ಲಿ ಕಲ್ಲು ಆರಿಸತೊಡಗಿದಳು.

‘ಏಯ್, ಅಲ್ಲಿಂದ ಏಳೇ!’ ಎಂದು ನಾನೇ ಕೂಗಿದೆ.

ಅವಳು ನನ್ನತ್ತ ನೋಡಲಿಲ್ಲ. ಅಂಗಳದಲ್ಲಿ ನಿಂತಿದ್ದ ಗಂಡನನ್ನು ನೋಡಿ, ಊಟಕ್ಕೆ ಕರೆಯುವ ದನಿಯಲ್ಲಿ ಕರೆದಳು.

‘ರೀ, ಬನ್ನಿ. ನೀವೂ ಕೂತ್ಕೊಳಿ. ಆವಾಗ ಕಲ್ಲಿನ ಮೇಲೆ ಕೂತು ತೋರ್ಸಿದ್ರಲ್ಲ, ಈಗ ಕಲ್ಲಿನ ಕೆಳಗೆ ಕೂತು ತೋರ್ಸಿ. ಸಂಜೆವರೆಗೂ ಇಬ್ರೂ ಕೂತಿರಣ. ಬೀಳಲ್ಲ ಅಂದ್ರೆ ಬೀಳಲ್ಲ, ಅಲ್ವಾ?’

ಭಾವ ನಕ್ಕರು. ಸುತ್ತ ನಿಂತವರೂ ನಕ್ಕರು, ಆದರೆ ಈ ಸಲ ನಗು ಅರ್ಧಕ್ಕೇ ನಿಂತುಹೋಯಿತು. ‘ಹುಚ್ಚಾಟ ಆಡ್ಬೇಡ, ಎದ್ ಬಾ’ ಎಂದರು. ಅಕ್ಕ ಅಕ್ಕಿ ಆರಿಸುತ್ತಲೇ ಇದ್ದಳು. ‘ಕೆಲಸ ಇದೆ’ ಎಂದರು. ‘ಹೂವಿನವನು ಬರ್ತಾನೆ’ ಎಂದರು. ಪಡುವಣ ಬಿಸಿಲು ನೆತ್ತಿ ಬಿಟ್ಟು ಬೆನ್ನಿಗೇ ಹೊಡೆಯುತ್ತಿತ್ತು. ಪೋರ್ಟಿಕೋದಲ್ಲಿ ತಂಪಾದ ನೆರಳು, ಚಾಪೆಯ ಮೇಲೆ ಹೆಂಡತಿಯ ಪಕ್ಕದಲ್ಲಿ ಧಾರಾಳ ಜಾಗ. ಆ ದಪ್ಪ ದೇಹ ಬೆವರು ಸುರಿಸಿಕೊಂಡು ಅಂಗಳದಲ್ಲೇ ನಿಂತಿತ್ತು. ಒಂದು ಹೆಜ್ಜೆ ಮುಂದೆ ಬಂತು, ತಲೆ ಎತ್ತಿ ಮೇಲಿನ ಸಾಲನ್ನು ನೋಡಿತು, ಬಂದ ಹೆಜ್ಜೆ ಹಿಂದಕ್ಕೆ ಹೋಯಿತು. ಅದನ್ನು ನಾನು ನೋಡಿದೆ, ಮೇಸ್ತ್ರಿ ನೋಡಿದ, ಹೂವಿನ ಬುಟ್ಟಿ ಹೊತ್ತು ಬಂದವರು ನೋಡಿದರು. ನನ್ನ ಯಾವ ಯಂತ್ರದ ಮುಳ್ಳೂ ಅಷ್ಟು ನಿಚ್ಚಳವಾಗಿ ಏನನ್ನೂ ತೋರಿಸಿದ್ದಿಲ್ಲ.

‘ಇಳಿಸ್ರೋ ಎಲ್ಲಾನೂ!’ ಎಂದು ಕಡೆಗೆ ಮೇಸ್ತ್ರಿಯ ಮೇಲೆ ಅರಚಿದರು, ತಪ್ಪೆಲ್ಲ ಅವನದೇ ಎಂಬಂತೆ.

ಅಕ್ಕ ಎದ್ದು ಚಾಪೆ ಸುತ್ತಿದಳು. ಮಾರನೆಯ ದಿನ ಮಧ್ಯಾಹ್ನದೊಳಗೆ ಬಾಗಿಲಿನ ಮೇಲಿನ ಸಾಲುಗಳೆಲ್ಲ ಇಳಿದವು. ಹೆಚ್ಚಿನವು ಹಾರೆ ಮುಟ್ಟುತ್ತಲೇ ಬಂದವು. ಒಂದೆರಡು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ, ಅವನ್ನು ಒಡೆದೇ ತೆಗೆಯಬೇಕಾಯಿತು. ಅಲ್ಲಿ ಅಕ್ಕನ ಎಣ್ಣೆ ಮುಗಿದಿತ್ತೋ ಏನೋ. ಭಾವ ಆ ಚೂರುಗಳನ್ನೇ ಎತ್ತಿ ಹಿಡಿದು, ‘ನೋಡಿದ್ಯಾ, ಗಮ್ಮು ಎಷ್ಟು ಗಟ್ಟಿ ಇತ್ತು’ ಎಂದು ನನಗೆ ತೋರಿಸಿದರು. ನಾನು ಉಳಿದ ಚೂರು ಗುಡಿಸಲು ಪೊರಕೆ ಎತ್ತಿಕೊಂಡೆ. ಬಾಯಿ ಬಿಟ್ಟರೆ ಮದುವೆಮನೆಯಲ್ಲಿ ಆಡಬಾರದ ಮಾತೇ ಬರುತ್ತಿತ್ತು.

ಮದುವೆ ಬರಿಯ ಸಿಮೆಂಟು ಗೋಡೆಯ ಕೆಳಗೇ ನಡೆಯಿತು. ಹೂವಿನ ಸರಗಳ ನಡುವಿನಿಂದ ಐದೈದು ಮುದ್ದೆ ಅಂಟು ಎಲ್ಲರಿಗೂ ಕಾಣುತ್ತಿತ್ತು. ಕೇಳಿದವರಿಗೆ ಭಾವ ಗಂಭೀರವಾಗಿ ‘ಡಿಸೈನು’ ಎಂದರು. ಗಂಡಿನ ಕಡೆಯ ಒಬ್ಬ ಹಿರಿಯರು ಅದನ್ನು ಮೆಚ್ಚಿ, ಮಾಡಿದವರು ಯಾರು ಎಂದು ವಿಚಾರಿಸಿದರಂತೆ. ಇಂಥವರು ಇರುವವರೆಗೆ ನನ್ನ ಕೆಲಸಕ್ಕೆ ಬರಗಾಲವಿಲ್ಲ. ಹುಡುಗ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಸುತ್ತ ಹೆಂಗಸರು ಸೇರಿ, ಅಕ್ಕ ಆರತಿ ಎತ್ತಿದಳು. ಎತ್ತುವಾಗ ಒಮ್ಮೆ ಮೇಲೆ ನೋಡಿದಳು. ನಾನೂ ನೋಡಿದೆ.

ಎಲ್ಲ ಮುಗಿದು ಮಗಳನ್ನು ಕಳಿಸಿಕೊಟ್ಟ ಮೇಲೆ ಅಕ್ಕನೂ ನಾನೂ ಹಿಂದಿನ ನಲ್ಲಿಯಲ್ಲಿ ಪೂಜೆಯ ಪಾತ್ರೆ ತೊಳೆಯುತ್ತಿದ್ದೆವು. ಪೋರ್ಟಿಕೋದ ಕಡೆಯಿಂದ ಭಾವನ ದೊಡ್ಡ ದನಿ ಕೇಳುತ್ತಿತ್ತು, ಯಾರಿಗೋ ವಿಡಿಯೋ ತೋರಿಸುತ್ತಿದ್ದರು. ಅಕ್ಕ ಆರತಿ ತಟ್ಟೆಯ ಅರಿಶಿನವನ್ನು ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು:

‘ಬೀಳಲ್ಲ ಅಂತ ಅವ್ರಿಗೂ ನಂಬಿಕೆ ಇರ್ಲಿಲ್ಲ ಕಣೇ. ತಾವು ಕಲ್ಲಿನ ಕೆಳಗೆ ಬರ್ಲಿಲ್ಲ. ಮಗಳನ್ನಾದ್ರೆ ನಿಲ್ಲಿಸೋರು.’

ಅವಳು ತಟ್ಟೆ ತೊಳೆದು ನನ್ನ ಕೈಗೆ ಕೊಟ್ಟಳು, ನಾನು ಒರೆಸಿ ಇಟ್ಟೆ.